‘ಪ್ರೈವೇಟ್ ಆಕ್ಸೆಸ್’ ಎರರ್: ಒಂದೇ ಕೋಡಿನ ಮೇಲೆ ಎಲ್ಲ ಮದ್ದೂ ಹಚ್ಚಿ ನೋಡಿದೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ಪರಿಚಯದವರ ಅಡತಿ ಅಂಗಡಿಗೆ ತೊಗರಿ ಖರೀದಿ ಲೆಕ್ಕದ ಒಂದು ಸಣ್ಣ ಜಾವಾ ಪ್ರೋಗ್ರಾಂ ಬರೆಯುತ್ತಿದ್ದೇನೆ. ‘ಲಾಟ್’ ಕ್ಲಾಸಿನಲ್ಲಿ (ಕ್ಲಾಸ್ ಅಂದರೆ ಮಾಹಿತಿ ಮತ್ತು ಅದರ ಮೇಲಿನ ಕೆಲಸ ಒಟ್ಟಿಗಿಟ್ಟ ಅಚ್ಚು) ತೂಕ, ತೇವಾಂಶ, ದರ ಮೂರೂ ಪ್ರೈವೇಟ್, ಅಂದರೆ ಆ ಕ್ಲಾಸಿನೊಳಗೆ ಮಾತ್ರ ಸಿಗುವಂಥವು. ‘ಬಿಲ್’ ಕ್ಲಾಸು ಆ ತೂಕಕ್ಕೆ ನೇರ ಕೈ ಹಾಕಿದರೆ ಕಂಪೈಲರ್ (ಓಡಿಸುವ ಮೊದಲು ಕೋಡನ್ನು ಪರೀಕ್ಷಿಸಿ ಅನುವಾದಿಸುವ ಸಾಧನ) ‘ಹ್ಯಾಸ್ ಪ್ರೈವೇಟ್ ಆಕ್ಸೆಸ್ ಇನ್ ಲಾಟ್’ ಎಂದು ತಡೆಯುತ್ತದೆ. ಇದಕ್ಕೆ ಯಾವ ಮದ್ದು ಚೆನ್ನ?

ಎಲ್ಲಕ್ಕಿಂತ ಬೇಗ ಆಗೋದು ಪ್ರೈವೇಟ್ ತೆಗೆದು ಪಬ್ಲಿಕ್ ಹಾಕುವುದು. ಎರರ್ ಮಾಯ. ಆಮೇಲೆ ಪರೀಕ್ಷೆಗೆಂದು ಕ್ವಿಂಟಲ್ ಕೇಳಿದ ಜಾಗದಲ್ಲಿ ಕಿಲೋ ಲೆಕ್ಕ ಕೊಟ್ಟೆ. 48.5 ಇರಬೇಕಾದಲ್ಲಿ 4850. ಪ್ರೋಗ್ರಾಂ ಕಮಕ್ ಕಿಮಕ್ ಅನ್ನದೆ ನೂರು ಪಟ್ಟು ಮೊತ್ತದ ಬಿಲ್ ಹಾಕಿಕೊಟ್ಟಿತು. ತಪ್ಪು ತೂಕ ಎಲ್ಲಿಂದ ಬಂತು ಅಂತ ಹುಡುಕಬೇಕೆಂದರೆ ಇಡೀ ಪ್ರಾಜೆಕ್ಟ್ ಜಾಲಾಡಬೇಕು. ಯಾರು ಬೇಕಾದರೂ ಬದಲಿಸಬಹುದಲ್ವಾ!

ಪ್ರೈವೇಟ್, ಪಬ್ಲಿಕ್ ಅಂತ ಏನೂ ಬರೆಯದೆ ಬಿಟ್ಟರೆ ಅದೇ ಪ್ಯಾಕೇಜಿನ (ಕ್ಲಾಸುಗಳನ್ನು ಗುಂಪು ಮಾಡಿಡುವ ಫೋಲ್ಡರಿನಂಥದ್ದು) ಕ್ಲಾಸುಗಳಿಗೆ ಮಾತ್ರ ದಾರಿ ತೆರೆಯುತ್ತದೆ. ಎರಡೂ ಕ್ಲಾಸು ಒಂದೇ ಕಡೆ ಇರುವ ತನಕ ಸಾಕು. ಆದರೆ ‘ಗಂಜ್’ ಮತ್ತು ‘ಗಂಜ್ ಡಾಟ್ ಬಿಲ್’ ಹೆಸರಿನಲ್ಲಿ ಮಾತ್ರ ತಾಯಿ-ಮಗು. ಜಾವಾ ಲೆಕ್ಕದಲ್ಲಿ ಎರಡೂ ಪೂರ್ತಿ ಬೇರೆ ಪ್ಯಾಕೇಜು. ‘ಬಿಲ್’ ಅನ್ನು ಅಲ್ಲಿಗೆ ಸರಿಸಿದ ಕೂಡಲೇ ಎರರ್ ವಾಪಸ್.

ಅದೇ ಜಾಗದಲ್ಲಿ ಬರೆಯಬಹುದಾದ ಇನ್ನೊಂದು ಪದ ಪ್ರೊಟೆಕ್ಟೆಡ್. ಅದರ ಬಗ್ಗೆ ಗೊಂದಲ ಜಾಸ್ತಿ. ಅದು ಬಿಗಿಯಾದ್ದು ಅಂತ ಎಷ್ಟೋ ಜನ ನಂಬಿದ್ದಾರೆ. ಜಾವಾದಲ್ಲಿ ಅದು ಏನೂ ಬರೆಯದೆ ಬಿಡುವುದಕ್ಕಿಂತ ಸಡಿಲ: ಇಡೀ ಪ್ಯಾಕೇಜಿಗೂ ಸಿಗುತ್ತದೆ, ಹೊರಗಿನ ಸಬ್‌ಕ್ಲಾಸಿಗೂ (ಈ ಕ್ಲಾಸಿನಿಂದ ಹುಟ್ಟಿದ ಮರಿಕ್ಲಾಸು) ಸಿಗುತ್ತದೆ. ಹಾಗಂತ ‘ಬಿಲ್’ ಅನ್ನು ‘ಲಾಟ್’ನ ಸಬ್‌ಕ್ಲಾಸ್ ಮಾಡಿ ನೋಡಿದೆ. ಬಿಲ್ಲು ತೊಗರಿ ಲಾಟಿನ ಒಂದು ಬಗೆಯೇ? ಅಲ್ಲವೇ ಅಲ್ಲ. ಅಷ್ಟಾದರೂ ಬೇರೆ ಪ್ಯಾಕೇಜಿನಿಂದ ‘ಲಾಟ್’ ಟೈಪಿನ ವೇರಿಯೇಬಲ್ ಮೂಲಕ ತೂಕ ಕೇಳಿದರೆ ಮತ್ತೆ ಎರರ್. ಸಬ್‌ಕ್ಲಾಸಿಗೆ ಸಿಗುವುದು ತನ್ನ ಟೈಪಿನ ಆಬ್ಜೆಕ್ಟ್ (ಕ್ಲಾಸಿನ ಅಚ್ಚಿನಿಂದ ಮಾಡಿದ ಒಂದೊಂದು ವಸ್ತು) ಮೂಲಕ ಮಾತ್ರ.

ರಿಫ್ಲೆಕ್ಷನ್ ಅಂದರೆ ಬೀಗ ಒಡೆದು ಒಳಗೆ ಹೋಗುವುದು: ತೂಕದಂಥ ಫೀಲ್ಡನ್ನು ಪ್ರೋಗ್ರಾಂ ಓಡುವಾಗ ಹೆಸರು ಹಿಡಿದು ಹುಡುಕಿ ತೆಗೆಯುವುದು. ‘ಸೆಟ್ ಆಕ್ಸೆಸಿಬಲ್’ಗೆ ಟ್ರೂ ಕೊಟ್ಟರೆ ನಮ್ಮದೇ ಕ್ಲಾಸಿನ ಪ್ರೈವೇಟ್ ಫೀಲ್ಡ್ ಸಿಗುತ್ತದೆ. ಫೀಲ್ಡಿನ ಹೆಸರು ಬದಲಿಸಿದೆ. ಕಂಪೈಲರ್ ಸುಮ್ನೆ ಇತ್ತು, ಓಡಿಸುವಾಗ ಪ್ರೋಗ್ರಾಂ ಬಿತ್ತು. 2021ರ ಜಾವಾ 16ರಿಂದ ಜಾವಾದ ಸ್ವಂತ ಒಳಕೋಣೆಗಳಿಗೆ ಈ ದಾರಿ ಹೆಚ್ಚುಕಡಿಮೆ ಬಂದ್.

ಗೆಟರ್-ಸೆಟರ್ (ಪ್ರೈವೇಟ್ ಬೆಲೆಯನ್ನು ಓದಿಕೊಡುವ ಮತ್ತು ಬದಲಿಸಿಕೊಡುವ ಮೆಥಡ್, ಅಂದರೆ ಕ್ಲಾಸಿನ ಕೆಲಸದ ತುಂಡು) ಕಾಲೇಜಿನಲ್ಲಿ ಎಲ್ಲರೂ ಹೇಳಿಕೊಡುವ ಮದ್ದು. ಎಡಿಟರ್ ಒಂದು ಕ್ಲಿಕ್ಕಿಗೆ ಬರೆದುಕೊಡುತ್ತದೆ. ಆದರೆ ತಪಾಸಣೆ ಇಲ್ಲದ ಸೆಟರ್ ಇದ್ದರೆ 4850 ಆರಾಮಾಗಿ ಒಳಗೆ ಬರುತ್ತದೆ. ಪಬ್ಲಿಕ್‌ಗಿಂತ ಒಂದು ಲಾಭ ಇದೆ ಅನ್ನಿ: ನಾಳೆ ತಪಾಸಣೆ ಸೇರಿಸಬೇಕೆಂದರೆ ಒಂದೇ ಜಾಗದಲ್ಲಿ ಸೇರಿಸಿದರೆ ಸಾಕು.

ನನಗೆ ಹಿಡಿಸಿದ್ದು ಬೇರೆ. ‘ಬಿಲ್’ಗೆ ತೂಕ ಯಾಕೆ ಬೇಕಿತ್ತು? ದರದಿಂದ ಗುಣಿಸಲಿಕ್ಕೆ. ಆ ಗುಣಾಕಾರವನ್ನೇ ‘ಲಾಟ್’ ಒಳಗೆ ‘ಮೊತ್ತ’ ಎಂಬ ಮೆಥಡ್ ಮಾಡಿ ಇಟ್ಟೆ. ಬಿಲ್ಲಿನ ಮೇಲೆ ತೂಕ ಅಚ್ಚು ಹಾಕಲೇಬೇಕಲ್ಲ, ಅದಕ್ಕೆ ಒಂದು ಗೆಟರ್ ಉಳಿಸಿದೆ. ಸೆಟರ್ ಇಲ್ಲವೇ ಇಲ್ಲ. ತೂಕ ಕನ್‌ಸ್ಟ್ರಕ್ಟರಿನಲ್ಲೇ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಬರಬೇಕು, 500 ಕ್ವಿಂಟಲ್ ದಾಟಿದರೆ ಅಲ್ಲೇ ತಡೆ. 4850 ಬಾಗಿಲಲ್ಲೇ ನಿಂತಿತು. ಎರಡು ಲಾಟಿನ ತೂಕ ಹೋಲಿಸುವ ಕೋಡ್ ಕೂಡ ‘ಲಾಟ್’ ಒಳಗೇ ಇದೆ. ಪ್ರೈವೇಟ್ ಅನ್ನುವುದು ಕ್ಲಾಸಿಗೆ, ಆಬ್ಜೆಕ್ಟಿಗಲ್ಲ. ಹಾಗಾಗಿ ಇನ್ನೊಂದು ಲಾಟಿನ ತೂಕವನ್ನು ನೇರವಾಗಿ ಓದಿದರೂ ಕಂಪೈಲರ್ ತಕರಾರು ಮಾಡುವುದಿಲ್ಲ.

ಒಂದು ಎರರ್‌ಗೆ ಮಾತ್ರ ಈ ಯಾವ ಚರ್ಚೆಯೂ ಬೇಡ. ಇಂಟರ್‌ಫೇಸಿನ (ಕ್ಲಾಸು ಯಾವ ಮೆಥಡ್ ಕೊಡಲೇಬೇಕು ಅನ್ನುವ ಕರಾರು) ಮೆಥಡ್ಡನ್ನು ಕ್ಲಾಸಿನಲ್ಲಿ ಬರೆಯುವಾಗ ಪಬ್ಲಿಕ್ ಬಿಟ್ಟರೆ ‘ವೀಕರ್ ಆಕ್ಸೆಸ್ ಪ್ರಿವಿಲೇಜಸ್’ ಅಂತ ಬರುತ್ತದೆ. ಇಂಟರ್‌ಫೇಸಿನಲ್ಲಿ ಏನೂ ಬರೆಯದಿದ್ದರೆ ಮೆಥಡ್ ಪಬ್ಲಿಕ್ಕೇ. ಅಲ್ಲಿ ಕಣ್ಣುಮುಚ್ಚಿ ಪಬ್ಲಿಕ್ ಹಾಕಿ.