ನುಡಿ ಟೈಪಿಂಗ್ ಅಂಗಡಿಗೆ ವಿಂಡೋಸ್ 11 ಬೇಕಾ?

ಮಂಡ್ಯದಲ್ಲಿ ನಮ್ಮದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಅರ್ಜಿ, ಕರಾರು ಪತ್ರ, ಎಲ್ಲವೂ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲೇ ಟೈಪ್ ಆಗುತ್ತವೆ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಚೆನ್ನಾಗಿ ಓಡುತ್ತಿರುವ ಸಿಸ್ಟಮ್‌ಗೆ ಸುಮ್ನೆ ಯಾಕೆ ಕೈ ಹಾಕಬೇಕು, ಅಲ್ವಾ?

ಮನಸ್ಸು ಬದಲಾಗಿದ್ದು ಗಿರಾಕಿಗಳ ಪೆನ್‌ಡ್ರೈವ್‌ಗಳಿಂದ. ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಹಾಕುತ್ತೇವೆ, ಯಾವುದರಲ್ಲಿ ಯಾವ ವೈರಸ್ ಇದೆಯೋ ಯಾರಿಗೆ ಗೊತ್ತು, ಜೊತೆಗೆ ಜನರ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡು ಎಲ್ಲ ನಮ್ಮ ಸಿಸ್ಟಮ್ ಮೂಲಕವೇ ಹೋಗುತ್ತವೆ. ವಿಂಡೋಸ್ 10ಕ್ಕೆ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲುವ ದಿನ 2025ರ ಅಕ್ಟೋಬರ್ 14 ಎಂದಿತ್ತು. ಆಮೇಲೂ ಸಿಸ್ಟಮ್ ಓಡುತ್ತದೆ, ನಿಜ. ಆದರೆ ಹೊಸ ತೂತು ಕಂಡರೆ ಮುಚ್ಚುವವರಿಲ್ಲ. ಮನೆಯಲ್ಲಿ ಸಿನಿಮಾ ನೋಡುವ ಸಿಸ್ಟಮ್‌ಗಿಂತ ನಮ್ಮಂಥ ಅಂಗಡಿಗೆ ಇದು ಜಾಸ್ತಿ ಮುಖ್ಯ.

2025ರ ಆಷಾಢದಲ್ಲೇ ಲ್ಯಾಪ್‌ಟಾಪನ್ನು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದೆ, ಆಗ ಮದುವೆ ಇಲ್ಲ, ಕಾರ್ಡಿನ ಕೆಲಸ ಕಡಿಮೆ. ಅದರಲ್ಲಿ ಇಂಟೆಲ್ 8ನೇ ಜನರೇಷನ್ ಪ್ರಾಸೆಸರ್, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದೆ. ಅಪ್‌ಗ್ರೇಡ್‌ಗೆ ದುಡ್ಡು ಕೊಡಬೇಕಿಲ್ಲ. ಮೊದಲು ಎಲ್ಲ ಫೈಲು ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ, ಇದನ್ನು ಮಾತ್ರ ಯಾರೂ ಬಿಡಬೇಡಿ. ಮುಗಿದ ಮೇಲೆ ಮೊದಲು ತೆರೆದಿದ್ದು ತುಂಬಾ ಹಳೆಯ ಒಂದು ಲಗ್ನಪತ್ರಿಕೆ ಫೈಲು. ಒತ್ತಕ್ಷರ ಸಮೇತ ಎಲ್ಲ ಸರಿಯಾಗಿ ಬಂತು, ನುಡಿ ಫಾಂಟುಗಳು ಇದ್ದಲ್ಲೇ ಇದ್ದವು, ಅಲ್ಲಿಗೆ ಅರ್ಧ ಭಯ ಹೋಯಿತು. ಪ್ರಿಂಟರ್ ಮಾತ್ರ ಮೊದಲ ದಿನ ಮಾತು ಕೇಳಲಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದ ಮೇಲೆ ಸರಿಹೋಯಿತು.

ಸ್ಟಾರ್ಟ್ ಬಟನ್ ನಡುವೆ ಬಂದು ಕೂರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಕಳಿಸಬಹುದು. ರೈಟ್ ಕ್ಲಿಕ್ ಮೆನು ಇಷ್ಟವಾಗಲಿಲ್ಲ. ಎಷ್ಟೋ ಆಯ್ಕೆಗಳು ಒಳಗೆ ಅಡಗಿವೆ, ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿದರೆ ಹಳೆಯ ಮೆನುವೇ ಬರುತ್ತದೆ. ಒಗ್ಗದಿದ್ದರೆ 10 ದಿನದೊಳಗೆ ಹಳೆಯದಕ್ಕೆ ವಾಪಸ್ ಹೋಗುವ ದಾರಿ ಇದೆ, ಹಾಗಾಗಿ ಆ ಹತ್ತು ದಿನ ನಿಮ್ಮ ಎಲ್ಲ ಕೆಲಸವನ್ನೂ ಒಮ್ಮೆ ಮಾಡಿ ನೋಡಿ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಭಾವನ ಸಿಸ್ಟಮ್ ಅಪ್‌ಗ್ರೇಡ್‌ಗೆ ಆಗುವುದಿಲ್ಲ ಎಂದು ತೋರಿಸಿತು. ರಿಪೇರಿ ಅಂಗಡಿಯೊಂದರಲ್ಲಿ ಹೊಸದೇ ತಗೊಳ್ಳಿ ಅಂದುಬಿಟ್ಟರು. ನೋಡಿದರೆ ಪ್ರಾಸೆಸರ್ ಸರಿಯಾಗೇ ಇತ್ತು, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸೆಕ್ಯುರಿಟಿ ಸೌಲಭ್ಯ ಬಯೋಸ್‌ನಲ್ಲಿ (ಸಿಸ್ಟಮ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಆಫ್ ಆಗಿತ್ತು, ಅಷ್ಟೇ. ಇಂಟೆಲ್ ಬೋರ್ಡುಗಳಲ್ಲಿ ಇದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದ ಮೇಲೆ ಅಪ್‌ಗ್ರೇಡ್ ಆಯಿತು. ಹೊಸದಕ್ಕೆ ದುಡ್ಡು ಹಾಕುವ ಮೊದಲು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಹಾಕಿ ನೋಡಿ, ಯಾವುದು ಕೊರತೆ ಎಂದು ಅದೇ ಹೇಳುತ್ತದೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬಯೋಸ್ ಮುಟ್ಟುವ ಮೊದಲು ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಅಂಗಡಿಯ ಡೆಸ್ಕ್‌ಟಾಪ್ 7ನೇ ಜನರೇಷನ್ನಿನದು, ಅದಕ್ಕೆ ಮೈಕ್ರೋಸಾಫ್ಟ್ ಒಪ್ಪುವುದಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಅಂದವರಿದ್ದರು, ನಾನು ಬೇಡ ಅಂದೆ. ಅಂಥ ಸಿಸ್ಟಮ್‌ಗೆ ಮುಂದೆ ಅಪ್‌ಡೇಟ್ ಬರುತ್ತದೆ ಎಂಬ ಖಾತರಿ ಇಲ್ಲ, ಮತ್ತೆ ಹಾಕುವುದಾದರೂ ಯಾಕೆ? ಮನೆ ಸಿಸ್ಟಮ್ ಆದರೆ ಮೈಕ್ರೋಸಾಫ್ಟ್ ಅಕೌಂಟಿನಿಂದ ನೋಂದಾಯಿಸಿಕೊಂಡು ವಿಂಡೋಸ್ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಪಡೆಯಬಹುದು. ನಮ್ಮ ಡೆಸ್ಕ್‌ಟಾಪಿನ ಇಂಟರ್‌ನೆಟ್ ವೈರು ಕಿತ್ತಿದ್ದೇನೆ. ಈಗ ಅದರಲ್ಲಿ ಬರೀ ಟೈಪಿಂಗ್, ಪ್ರಿಂಟ್. ಗಿರಾಕಿಗಳ ಪೆನ್‌ಡ್ರೈವ್ ಎಲ್ಲ ಲ್ಯಾಪ್‌ಟಾಪ್‌ಗೇ.