ಹಳೆಯ ಜರ್ಮನ್ ಜೋಡುನಳಿಗೆ ಕೋವಿ ಕೊಳ್ಳುವವರೇ, "70ರ ತೋಟಾ ನಡೆಯುತ್ತದೆ" ಎಂದರೆ ನಂಬಬೇಡಿ

ಜರ್ಮನಿಯಲ್ಲಿ ಬೇಟೆಯ ಪರವಾನಗಿ ಪಡೆದು, ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಜೋಡುನಳಿಗೆ ಕೋವಿಯ ಮೇಲೆ ಕಣ್ಣಿಟ್ಟಿರುವ ಕನ್ನಡಿಗರು, ಅದರಲ್ಲೂ ನನ್ನಂತೆ ಕೊಡಗಿನಲ್ಲಿ ಕೋವಿಗೆ ಪೂಜೆ ಮಾಡುವ ಮನೆಯಿಂದ ಬಂದವರು, ದುಡ್ಡು ಕೊಡುವ ಮೊದಲು ಇದನ್ನು ಓದಬೇಕು. ಸಿಟ್ಟು ಇನ್ನೂ ಇಳಿದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ನಾನು ಕೊಂಡದ್ದು ಜೂಲ್ ಪಟ್ಟಣದಲ್ಲಿ 1927ರಲ್ಲಿ ತಯಾರಾದ 12 ಬೋರಿನ ಕೋವಿ. ಕೆತ್ತನೆ ಸೊಗಸಾಗಿದೆ, ನಳಿಗೆಯೊಳಗೆ ತುಕ್ಕಿನ ಚುಕ್ಕೆಯೂ ಇಲ್ಲ. ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗದ, ಉದ್ದ ಎಷ್ಟೆಂದು ಕೇಳಿದ್ದಕ್ಕೆ ಅಂಗಡಿಯವರು, "ಮೊದಲು 65 ಮಿಲಿಮೀಟರ್ ಇತ್ತು, ಈಗ 70ಕ್ಕೆ ಕೊರೆಸಿದ್ದೇವೆ, ಇಂದಿನ ಯಾವ ತೋಟಾ ಬೇಕಾದರೂ ಹೊಡೆಯಿರಿ" ಎಂದು ಹೇಳಿ, 70ರ ತೋಟಾವೊಂದನ್ನು ನನ್ನ ಕಣ್ಣೆದುರೇ ಚೇಂಬರಿಗೆ ಇಳಿಸಿ, ಕೋವಿ ಮುಚ್ಚಿ ತೋರಿಸಿದರು. ಉಡುಗೊರೆಯೆಂದು ಉಕ್ಕಿನ ಚರೆಯ ತೋಟಾಗಳ ಒಂದು ಪೆಟ್ಟಿಗೆಯನ್ನೂ ಕೈಗಿತ್ತರು.

ಕೋವಿಯ ಬಲಗಡೆಯ ಕುದುರೆ ಬಿಗಿಯಾಗಿದೆಯೆಂದು ಉಲ್ಮ್‌ನಲ್ಲಿ ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದಾಗ ಬಣ್ಣ ಬಯಲಾಯಿತು. ಅವರು ನಳಿಗೆಗಳನ್ನು ಬಿಡಿಸಿ ಅಳತೆಕಡ್ಡಿಯನ್ನು ಇಳಿಸಿದರು. ಅದು 65ರ ಗೆರೆಯಲ್ಲಿ ನಿಂತಿತು. ಇನ್ನೊಂದು ನಳಿಗೆಯಲ್ಲೂ 65. ಯಾರೂ ಏನನ್ನೂ ಕೊರೆದೇ ಇರಲಿಲ್ಲ! ಪೆಟ್ಟಿಗೆಯ ಮೇಲೆ ಅಚ್ಚಾಗುವ 70 ಎಂಬುದು ಈಡು ಹಾರಿ ಬಾಯಿಯ ಮಡಿಕೆ ಬಿಚ್ಚಿಕೊಂಡ ಮೇಲಿನ ಉದ್ದ. ಹಾರುವ ಮೊದಲು ಅದೇ ತೋಟಾ 60 ಮಿಲಿಮೀಟರಿಗಿಂತಲೂ ಗಿಡ್ಡವಾಗಿರುವುದರಿಂದ 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಮಾತ್ರ ಬಿಚ್ಚಿದ ಬಾಯಿ ಚೇಂಬರಿನ ಮುಂದಿರುವ ಇಕ್ಕಟ್ಟಿಗೆ ಚಾಚಿಕೊಂಡು, ಚರೆ ಹೋಗುವ ದಾರಿಯನ್ನು ಕಿರಿದಾಗಿಸಿ, ಒತ್ತಡವನ್ನು ಏರಿಸುತ್ತದೆ. ಇದು ಗೊತ್ತಿದ್ದೇ ಮಾರಿದ ಅಂಗಡಿಯವರು ನನ್ನೆದುರು ಆ ಆಟ ಕಟ್ಟಿದ್ದು, ನಾನು ತಲೆಯಾಡಿಸುತ್ತಾ ನಿಂತಿದ್ದೆ ಎಂಬುದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅಷ್ಟರಲ್ಲಿ ಆ ಹಿರಿಯರು ಉಡುಗೊರೆಯ ಪೆಟ್ಟಿಗೆಯ ಸಣ್ಣಕ್ಷರಗಳನ್ನು, ಅಲ್ಲಿದ್ದ ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ ಓದಿದರು: 1050 ಬಾರ್. ಬಾರ್ ಎಂಬುದು ಒತ್ತಡದ ಅಳತೆ. ಯುರೋಪಿನಲ್ಲಿ 12 ಬೋರಿನ ಸಾಮಾನ್ಯ ತೋಟಾಗಳಿಗೆ ಇರುವ ಮಿತಿ 740 ಬಾರ್. 1050 ಬಾರ್‌ನ ಉಕ್ಕಿನ ಚರೆಗೆ 1370 ಬಾರ್‌ನಲ್ಲಿ ಪರೀಕ್ಷೆಗೊಂಡು ಲಿಲಿ ಹೂವಿನ ಮುದ್ರೆ ಪಡೆದ ಕೋವಿಯೇ ಬೇಕು. ನನ್ನ ಕೋವಿಯ ನಳಿಗೆಯಡಿ ಇರುವುದು ವೃತ್ತದೊಳಗೊಂದು 12, ಕಿರೀಟದ ಕೆಳಗೆ 'ಎನ್' ಅಕ್ಷರ, ಅಂದರೆ ಹೊಗೆಯಿಲ್ಲದ ಮದ್ದಿನ ಪರೀಕ್ಷೆ ಆಗಿದೆಯೆಂಬ ಗುರುತು, ಮತ್ತು 1927ರ ತಾರೀಖು. ಬೇರೇನೂ ಇಲ್ಲ.

ಅಂಗಡಿಗೆ ಬರೆದೆ. "ತೋಟಾ ಕೂತದ್ದನ್ನು ನೀವೇ ನೋಡಿದ್ದೀರಿ" ಎಂಬ ಉತ್ತರ ಬಂತು. ಅಳತೆಯ ಫೋಟೊ ಕಳಿಸಿದರೆ, "ನಮ್ಮ ಅಮೆರಿಕದ ಗಿರಾಕಿಗಳು ಇಂಥ ಕೋವಿಗಳಲ್ಲಿ 11,500 ಪಿಎಸ್‌ಐ ತೋಟಾಗಳನ್ನೇ ಹೊಡೆಯುತ್ತಾರೆ, ಒಬ್ಬರೂ ದೂರಿಲ್ಲ" ಎಂದರು. 11,500 ಪಿಎಸ್‌ಐ ಎಂದರೆ ಸುಮಾರು 793 ಬಾರ್, 740ಕ್ಕಿಂತ ಹೆಚ್ಚೇ ಆಯಿತು. ಕೋವಿ ಮಾರುವವರಿಗೆ ಈ ಲೆಕ್ಕ ಬಾರದೆಂದು ನಾನಂತೂ ಒಪ್ಪುವುದಿಲ್ಲ. ಕೊನೆಗೆ, "ಬೇಕಿದ್ದರೆ ಈಗ ಕೊರೆದು ಕೊಡುತ್ತೇವೆ, ಖರ್ಚು ನಿಮ್ಮದು" ಎಂದರು. ಕೊರೆದರೆ ನಳಿಗೆಯ ಗೋಡೆ ತೆಳುವಾಗುತ್ತದೆ. ಕಾಯ್ದೆಯಂತೆ ಕೋವಿಯನ್ನು ಮತ್ತೆ ಸರ್ಕಾರಿ ಪರೀಕ್ಷಾಲಯಕ್ಕೆ ಒಪ್ಪಿಸಬೇಕು, ಅಲ್ಲಿ 930 ಬಾರ್‌ನ ಈಡನ್ನು ಅದು ತಾಳಿಕೊಂಡರೆ ಹೊಸ ಮುದ್ರೆ, ತಾಳದಿದ್ದರೆ ಕೋವಿಯೇ ಹೋಯಿತು. ಮೊದಲೇ ಕೊರೆಸಿದ್ದು ನಿಜವಾಗಿದ್ದರೆ ಆ ಹೊಸ ಮುದ್ರೆ ಎಲ್ಲಿ ಎಂದು ಕೇಳಿದೆ. ಅದಕ್ಕೆ ಇಂದಿಗೂ ಉತ್ತರವಿಲ್ಲ.

ಕೊಳ್ಳುವ ಮೊದಲು ನಳಿಗೆ ಬಿಡಿಸಿಸಿ ಮುದ್ರೆಗಳನ್ನು ನೋಡಿ, ಚೇಂಬರನ್ನು ಮಾರುವವನಿಂದಲ್ಲದೆ ಬೇರೆಯವರಿಂದ ಅಳೆಸಿ. ನಳಿಗೆ ಗಟ್ಟಿಯಾಗಿದೆಯೆಂದು ಬಲ್ಲವರು ಹೇಳಿದ ಮೇಲೂ 740 ಬಾರ್‌ಗೆ ಮೀರದ 65ರ ತೋಟಾಗಳನ್ನೇ ಬಳಸಿ. 2023ರ ಫೆಬ್ರವರಿಯಿಂದ ಜೌಗುನೆಲದಲ್ಲಿ ಸೀಸದ ಚರೆಗೆ ನಿಷೇಧವಿರುವುದರಿಂದ ಅಲ್ಲಿಗೆ ಬಿಸ್ಮತ್ ಲೋಹದ ಚರೆ ಒಯ್ಯಿರಿ, ಉಕ್ಕನ್ನು ಇಂಥ ಕೋವಿಯ ಹತ್ತಿರವೂ ತರಬೇಡಿ. ಅದೇ ಅಂಗಡಿಯವರು ಮೊನ್ನೆ ಮತ್ತೊಂದು ಹಳೆಯ ಜೋಡುನಳಿಗೆಯನ್ನು ಮಾರಾಟಕ್ಕೆ ಇಟ್ಟಿದ್ದಾರೆ, ವಿವರದಲ್ಲಿ "70ಕ್ಕೆ ಕೊರೆಸಲಾಗಿದೆ" ಎಂದಿದೆ, ನಳಿಗೆಯಡಿಯ ಮುದ್ರೆಗಳ ಚಿತ್ರ ಒಂದೂ ಇಲ್ಲ.