ಬಾರ್ ಪರೀಕ್ಷೆಗೆ ಪ್ರಬಂಧ ತಿದ್ದಿಕೊಡುವ ಸೇವೆ: ಒಂದು ವರ್ಷ, ಎರಡು ಪರೀಕ್ಷೆ

ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಗೆ ಕಟ್ಟಿದ ಹಣದಲ್ಲಿ ಮುಕ್ಕಾಲು ಪಾಲು ದಂಡವಾಯಿತು. ಉಳಿದ ಕಾಲು ಪಾಲು ಇಲ್ಲದಿದ್ದರೆ ನಾನು ಅಮೆರಿಕದ ನ್ಯೂಯಾರ್ಕ್‌ನಲ್ಲಿ ವಕೀಲಿ ಮಾಡಲು ಬರೆಯಬೇಕಾದ ಬಾರ್ ಪರೀಕ್ಷೆ ಪಾಸಾಗುತ್ತಿರಲಿಲ್ಲ. ಆ ಕಾಲು ಪಾಲು ಯಾವುದು ಎಂದು ತಿಳಿಸುವುದಕ್ಕಷ್ಟೇ ಈ ವಿಮರ್ಶೆ. ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ವಿಚಾರಿಸಿದ ಮೂರು ನಾಲ್ಕು ಸೇವೆಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿದ್ದವು.

ಮೈಸೂರಿನಲ್ಲಿ ಆರು ವರ್ಷ ವಕೀಲಿ ಮಾಡಿ, ಇಲ್ಲಿಗೆ ಬಂದು ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮುಗಿಸಿದವರಲ್ಲಿ ನಾನೂ ಒಬ್ಬ. ಊರಿನಲ್ಲಿ ಸನ್ನದಿಗಾಗಿ ಬರೆದ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ 100 ಬಹು ಆಯ್ಕೆ ಪ್ರಶ್ನೆಗಳಿದ್ದವು. ಒಂದು ಪೂರ್ತಿ ವಾಕ್ಯವನ್ನೂ ಬರೆಯಬೇಕಾಗಿರಲಿಲ್ಲ. ಇಲ್ಲಿಯದು ಬೇರೆ. ಮೊದಲ ದಿನ ಬೆಳಿಗ್ಗೆ ತಲಾ 90 ನಿಮಿಷದ ಎರಡು ಕಡತಗಳು. ಅವನ್ನು ಓದಿ ಜ್ಞಾಪನಪತ್ರವನ್ನೋ ಲಿಖಿತ ವಾದವನ್ನೋ ಸಿದ್ಧಪಡಿಸಬೇಕು. ಮಧ್ಯಾಹ್ನ ಮೂರು ಗಂಟೆಯಲ್ಲಿ ಆರು ಪ್ರಬಂಧ. ಮರುದಿನ 200 ಬಹು ಆಯ್ಕೆ ಪ್ರಶ್ನೆ. ಒಟ್ಟು 400ಕ್ಕೆ 266 ಬಂದರೆ ನ್ಯೂಯಾರ್ಕ್‌ನಲ್ಲಿ ಪಾಸು. ಇದರಲ್ಲಿ ಪ್ರಬಂಧಗಳ ಪಾಲು ಶೇ 30.

ಪ್ರಬಂಧವೆಂದರೆ ಶಾಲೆಯಲ್ಲಿ ಬರೆಯುತ್ತಿದ್ದ ‘ನಮ್ಮೂರ ಜಾತ್ರೆ’ ಅಲ್ಲ. ಯಾರೋ ಏನೋ ಮಾರಿದರು, ಯಾರೋ ಕೊಂಡರು, ಜಗಳವಾಯಿತು ಎಂದು ಒಂದು ಪುಟದಷ್ಟು ಸಂಗತಿ ಕೊಟ್ಟು, ಕೆಳಗೆ ಎರಡು ಮೂರು ಪ್ರಶ್ನೆ ಕೇಳಿರುತ್ತಾರೆ. ಓದುವುದು, ಯೋಚಿಸುವುದು, ಬರೆಯುವುದು ಎಲ್ಲ ಸೇರಿ ಮೂವತ್ತು ನಿಮಿಷ.

ನಾನು ಈ ಸೇವೆಗೆ ಕಳುಹಿಸಿದ ಮೊದಲ ಉತ್ತರದ ಕಥೆ ಹೇಳಲೇಬೇಕು. ಹದಿನೇಳರ ಹುಡುಗನೊಬ್ಬ ಕಂತಿನ ಮೇಲೆ ಹಳೆಯ ಕಾರು ಕೊಳ್ಳುತ್ತಾನೆ. ಹದಿನೆಂಟು ತುಂಬಿದ ಮೇಲೂ ನಾಲ್ಕು ಕಂತು ಕಟ್ಟುತ್ತಾನೆ. ಆಮೇಲೆ ಕಾರು ಬೇಡ, ಹಣ ವಾಪಸು ಕೊಡಿ ಎನ್ನುತ್ತಾನೆ. ಪ್ರಶ್ನೆ ಓದಿದ ಕೂಡಲೇ ನನಗೆ ಕಾನೂನು ಕಾಲೇಜಿನ ಮೊದಲ ವರ್ಷ ನೆನಪಾಯಿತು. ಮೊಹರಿ ಬೀಬಿ ಮತ್ತು ಧರ್ಮೋದಾಸ್ ಘೋಷ್ ಪ್ರಕರಣದ ತೀರ್ಪು, 1903. ಅಪ್ರಾಪ್ತ ವಯಸ್ಕನ ಒಪ್ಪಂದ ಮೊದಲಿನಿಂದಲೇ ಶೂನ್ಯ, ಅಂದರೆ ಕಾನೂನಿನ ಕಣ್ಣಿಗೆ ಅದು ಆಗಿಯೇ ಇಲ್ಲ. ಎರಡು ಪುಟ ತುಂಬಿಸಿ, ಶೀರ್ಷಿಕೆಗಳಿಗೆ ಅಡಿಗೆರೆ ಎಳೆದು ಕಳುಹಿಸಿದೆ. ಬಂದದ್ದು ಆರಕ್ಕೆ ಒಂದು. ಜೊತೆಗೆ ಒಂದೇ ಸಾಲಿನ ಷರಾ: ನಾಲ್ಕು ಕಂತುಗಳು ಎಲ್ಲಿ ಹೋದವು?

ಅಮೆರಿಕದಲ್ಲಿ ಅಂಥ ಒಪ್ಪಂದ ಶೂನ್ಯವಲ್ಲ. ಬೇಡವಾದರೆ ಆ ಹುಡುಗ ಅದನ್ನು ರದ್ದು ಮಾಡಬಹುದು. ಆದರೆ ವಯಸ್ಸಿಗೆ ಬಂದ ಮೇಲೆ ತನ್ನ ನಡತೆಯಿಂದಲೇ ಅದನ್ನು ಒಪ್ಪಿಕೊಂಡರೆ ಆ ಹಕ್ಕು ಹೋಗುತ್ತದೆ. ಇಡೀ ಪ್ರಶ್ನೆ ನಿಂತಿದ್ದೇ ಆ ನಾಲ್ಕು ಕಂತುಗಳ ಮೇಲೆ. ನಾನು ಅವನ್ನು ಉತ್ತರದಲ್ಲಿ ಮುಟ್ಟಿಯೇ ಇರಲಿಲ್ಲ. ಶೂನ್ಯ ಎಂದು ತೀರ್ಮಾನಿಸಿದ ಮೇಲೆ ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಊರಿನಿಂದ ಬರುವವರಿಗೆ ಇಂಥ ಗುಂಡಿಗಳು ಇನ್ನೂ ಇವೆ. ಪ್ರಸ್ತಾಪಕ್ಕೆ ಒಪ್ಪಿಗೆಯೆಂದು ಅಂಚೆಗೆ ಹಾಕಿದ ಪತ್ರ ತಲುಪುವ ಮೊದಲೇ ಫೋನ್ ಮಾಡಿ ಹಿಂತೆಗೆದುಕೊಂಡರೆ ನಮ್ಮ 1872ರ ಒಪ್ಪಂದ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಹಾಗೆ ಹಿಂತೆಗೆದುಕೊಂಡದ್ದು ಊರ್ಜಿತ. ಇಲ್ಲಿ ಸಾಮಾನ್ಯವಾಗಿ ಪತ್ರ ಅಂಚೆಪೆಟ್ಟಿಗೆಗೆ ಬಿದ್ದ ಕ್ಷಣವೇ ಒಪ್ಪಂದ ಕುದುರಿದಂತೆ. ಮರಣಕಾಲೀನ ಹೇಳಿಕೆಯೂ ಹಾಗೆಯೇ. ಸಾಯುತ್ತೇನೆಂಬ ಅರಿವು ಹೇಳಿದವನಿಗೆ ಇರಲೇಬೇಕೆಂದು ನಮ್ಮ ಸಾಕ್ಷ್ಯ ಕಾನೂನು ಕೇಳುವುದಿಲ್ಲ. ಇಲ್ಲಿನ ಫೆಡರಲ್ ನಿಯಮ ಕೇಳುತ್ತದೆ. ಭಾರತದಿಂದ ಬಂದವರೂ ಈ ಸೇವೆಯ ಗಿರಾಕಿಗಳೇ. ಆದರೂ ಇಂಥ ವ್ಯತ್ಯಾಸಗಳ ಒಂದು ಪಟ್ಟಿಯನ್ನೂ ಅವರು ಕೊಡುವುದಿಲ್ಲ. ನಾನೇ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ನಮ್ಮದು, ಬಲಕ್ಕೆ ಅವರದು ಎಂದು ಬರೆದುಕೊಂಡೆ. ಕೊನೆಯ ವಾರದಲ್ಲಿ ಓದಿದ್ದು ಅದನ್ನೇ.

ಇನ್ನು ದಂಡವಾದ ಮುಕ್ಕಾಲು ಪಾಲಿನ ಲೆಕ್ಕ. ಉಪನ್ಯಾಸದ ವಿಡಿಯೊಗಳನ್ನು ನೋಡುತ್ತಾ ಎರಡು ಸಲ ನಿದ್ದೆ ಹೋದೆ, ಅಷ್ಟೇ ಸಾಕು. ಮಾದರಿ ಉತ್ತರಗಳು ನಿಜಕ್ಕೂ ಕೆಡುಕು ಮಾಡಿದವು. ಗಡಿಯಾರದ ಹಂಗಿಲ್ಲದೆ, ಪುಸ್ತಕ ತೆರೆದಿಟ್ಟುಕೊಂಡು ಬರೆದ ಉತ್ತರಗಳು ಅವು. ಅವನ್ನು ಅನುಕರಿಸಲು ಹೋಗಿ ಮೊದಲ ಉಪಪ್ರಶ್ನೆಗೇ ಇಪ್ಪತ್ತು ನಿಮಿಷ ಕಳೆದು, ಮೂರನೆಯದಕ್ಕೆ ನಾಲ್ಕು ಸಾಲು ಬರೆಯುವುದು ನನಗೆ ರೂಢಿಯಾಯಿತು. ನ್ಯೂಯಾರ್ಕ್‌ನ ಪರೀಕ್ಷಾ ಮಂಡಳಿ ಹಳೆಯ ಪ್ರಶ್ನೆಗಳನ್ನೂ ಅಭ್ಯರ್ಥಿಗಳೇ ಪರೀಕ್ಷೆಯಲ್ಲಿ ಬರೆದ ಮಾದರಿ ಉತ್ತರಗಳನ್ನೂ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಆ ಉತ್ತರಗಳಲ್ಲಿ ಅವಸರವಿದೆ, ಅಲ್ಲಲ್ಲಿ ತಪ್ಪೂ ಇದೆ. ಅವನ್ನು ಓದಿದ ಮೇಲೆಯೇ ನನಗೆ ಧೈರ್ಯ ಬಂದದ್ದು.

ಯಂತ್ರದಿಂದ ತಕ್ಷಣ ಅಂಕ ಕೊಡಿಸುವ ಸೌಲಭ್ಯವೂ ಇದೆ. ಅನುಮಾನ ಬಂದು ಒಂದು ಸಂಜೆ ಪರೀಕ್ಷಿಸಿ ನೋಡಿದೆ. ಪ್ರಶ್ನೆಯಲ್ಲಿನ ಒಂದು ಸಂಗತಿಯನ್ನೂ ಎತ್ತದೆ, ಬರೀ ನಿಯಮಗಳನ್ನು ಉರು ಹೊಡೆದವರಂತೆ ಬರೆದು ಕಳುಹಿಸಿದೆ. ಆರಕ್ಕೆ ನಾಲ್ಕು ಬಂತು. ಮತ್ತೆ ಅದರ ಕಡೆ ತಲೆ ಹಾಕಲಿಲ್ಲ.

ಮನುಷ್ಯರು ತಿದ್ದಿದ ಉತ್ತರಗಳಲ್ಲೂ ಏರುಪೇರು ಬಹಳ. ಒಂದೇ ಉತ್ತರಕ್ಕೆ ಒಬ್ಬರು ಐದು, ಇನ್ನೊಬ್ಬರು ಮೂರು ಕೊಟ್ಟರು. ಮೂರು ದಿನದಲ್ಲಿ ಬರಬೇಕಾದದ್ದು ಜುಲೈ ಹೊತ್ತಿಗೆ ಹತ್ತು ದಿನ ತೆಗೆದುಕೊಂಡಿತು. ದೂರಿದ್ದಕ್ಕೆ ಬಂದ ಕ್ಷಮಾಪಣೆ ಪತ್ರದಲ್ಲಿ ನನ್ನ ಹೆಸರೇ ತಪ್ಪಾಗಿತ್ತು. ಆ ಜುಲೈನಲ್ಲಿ ನನಗೆ ಬಂದದ್ದು 258. ಎಂಟು ಅಂಕ ಕಡಿಮೆ.

ಅಕ್ಟೋಬರ್‌ನಲ್ಲಿ ಫಲಿತಾಂಶ ಬಂದ ಮೇಲೆ ಸೇವೆಯವರಿಗೆ ಒಂದೇ ಬೇಡಿಕೆ ಇಟ್ಟೆ: ನಾಲ್ಕು ಕಂತು ಎಲ್ಲಿ ಎಂದು ಕೇಳಿದವರೇ ನನ್ನ ಎಲ್ಲ ಉತ್ತರಗಳನ್ನೂ ತಿದ್ದಬೇಕು. ಹಾಗೆಲ್ಲ ಆಗುವುದಿಲ್ಲ ಎಂದರು, ಮೂರನೆಯ ಸಲ ಕೇಳಿದಾಗ ಒಪ್ಪಿದರು. ಆಕೆಯೋ ಆತನೋ, ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಷರಾದ ಕೆಳಗೆ ಎರಡು ಅಕ್ಷರ ಮಾತ್ರ ಇರುತ್ತಿತ್ತು. ಅವರ ಕ್ರಮ ಸರಳ. ಪ್ರಶ್ನೆಯಲ್ಲಿರುವ ಪ್ರತಿ ಸಂಗತಿಗೂ ಹಳದಿ ಬಣ್ಣ ಬಳಿಯುವುದು, ಅದು ನನ್ನ ಉತ್ತರದಲ್ಲಿ ಬಂದಿದ್ದರೆ ಅಲ್ಲೂ ಹಳದಿ. ಮೊದಲ ಬಾರಿ ಪ್ರಶ್ನೆಯಲ್ಲಿ ಹದಿನಾಲ್ಕು ಕಡೆ ಹಳದಿ, ನನ್ನ ಉತ್ತರದಲ್ಲಿ ಐದು ಕಡೆ. ಮಿಕ್ಕ ಜಾಗವೆಲ್ಲ ಬಿಳಿ, ಅಂದರೆ ನನ್ನ ಪಾಂಡಿತ್ಯ.

ಎರಡನೆಯ ಷರಾ ‘ಏಕೆಂದರೆ’ ಎಂಬ ಪದದ ಬಗ್ಗೆ. ಒಂದು ಉತ್ತರದಲ್ಲಿ ಆ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ ಬರೆಯುತ್ತಿದ್ದರು. ಹುಡುಗ ಒಪ್ಪಂದವನ್ನು ಒಪ್ಪಿಕೊಂಡಿದ್ದಾನೆ, ಏಕೆಂದರೆ ಹದಿನೆಂಟಾದ ಮೇಲೂ ನಾಲ್ಕು ತಿಂಗಳು ಕಂತು ಕಟ್ಟಿದ, ಕಾರು ಓಡಿಸಿದ. ನಿಯಮ ಮತ್ತು ಸಂಗತಿಯ ನಡುವಿನ ಈ ಕೊಂಡಿಗೇ ಅಂಕ. ವಿವಾದಾಂಶ, ನಿಯಮ, ಅನ್ವಯ, ತೀರ್ಮಾನ ಎಂದು ಇಲ್ಲಿನ ಎಲ್ಲ ಪುಸ್ತಕಗಳೂ ಹೇಳುತ್ತವೆ. ನಾನು ಅನ್ವಯವನ್ನು ಒಂದು ಸಾಲಿನಲ್ಲಿ ಮುಗಿಸಿ ತೀರ್ಮಾನಕ್ಕೆ ಹಾರುತ್ತಿದ್ದೆ.

ನಾಚಿಕೆಯ ಸಂಗತಿಯೆಂದರೆ ಇದು ನನಗೆ ಹೊಸದೇನೂ ಆಗಿರಲಿಲ್ಲ. ನಮ್ಮ ಸಿವಿಲ್ ನ್ಯಾಯಾಲಯಗಳ ತೀರ್ಪು ತೆಗೆದು ನೋಡಿ. ವಿವಾದಾಂಶಗಳು, ಒಂದನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ, ಬಳಿಕ ‘ಕಾರಣಗಳು’ ಎಂಬ ತಲೆಬರಹದ ಕೆಳಗೆ ಸಾಕ್ಷಿ ಏನು ಹೇಳಿದ, ದಾಖಲೆ ಏನು ಹೇಳುತ್ತದೆ. ಮೇಲ್ಮನವಿ ಹಾಕಲು ಅಂಥ ನೂರಾರು ತೀರ್ಪುಗಳನ್ನು ಓದಿದ್ದೆ. ಸೋತಿದ್ದೇವೋ ಗೆದ್ದಿದ್ದೇವೋ ಎಂದು ನೋಡಿದೆನೇ ಹೊರತು ಹೇಗೆ ಬರೆದಿದ್ದಾರೆಂದು ನೋಡಲಿಲ್ಲ.

ಈ ಸೇವೆ ಕಲಿಸದೇ ಬಿಟ್ಟ ಇನ್ನೊಂದು ವಿಷಯ ಟೈಪಿಂಗ್. ಊರಿನಲ್ಲಿ ನಾನು ಹೇಳುತ್ತಿದ್ದೆ, ನ್ಯಾಯಾಲಯದ ಆವರಣದ ಬೆರಳಚ್ಚುಗಾರ ಬಡಿಯುತ್ತಿದ್ದ. ಇಲ್ಲಿ ಎರಡು ಬೆರಳಿನಲ್ಲಿ ಬಡಿದರೆ ಅರ್ಧ ಗಂಟೆಗೆ ಮುಕ್ಕಾಲು ಉತ್ತರವೂ ಆಗುವುದಿಲ್ಲ. ನವೆಂಬರ್ ಪೂರ್ತಿ ಕೀಲಿಮಣೆ ಅಭ್ಯಾಸಕ್ಕೇ ಹೋಯಿತು. ಫೆಬ್ರುವರಿಯಲ್ಲಿ ಪ್ರತಿ ಪ್ರಶ್ನೆಗೆ ಓದಲು, ಟಿಪ್ಪಣಿಗೆ ಎಂಟು ನಿಮಿಷ, ಬರೆಯಲು ಇಪ್ಪತ್ತೆರಡು ಎಂದು ಕಟ್ಟುನಿಟ್ಟಾಗಿ ನಡೆಸಿದೆ. 274 ಬಂತು.

ಹಾಗಾಗಿ ಕೊಳ್ಳುವುದಾದರೆ ಪೂರ್ತಿ ಪ್ಯಾಕೇಜ್ ಬೇಡ, ಮನುಷ್ಯರು ತಿದ್ದುವ ಪ್ರಬಂಧಗಳನ್ನು ಮಾತ್ರ ಬಿಡಿಯಾಗಿ ಕೊಳ್ಳಿ. ಒಬ್ಬರೇ ತಿದ್ದಲಿ ಎಂದು ಮೊದಲ ದಿನವೇ ಹಟ ಹಿಡಿಯಿರಿ. ದುಡ್ಡು ಕಟ್ಟುವ ಮುನ್ನ ವಿಷಯಪಟ್ಟಿಯನ್ನೂ ನೋಡಿಕೊಳ್ಳಿ. 2026ರ ಜುಲೈ ಪರೀಕ್ಷೆಯಿಂದ ಕುಟುಂಬ ಕಾನೂನು, ಟ್ರಸ್ಟ್ ಮತ್ತು ಉಯಿಲು, ಕಾನೂನುಗಳ ಸಂಘರ್ಷ, ಭದ್ರತೆಯ ಮೇಲಿನ ಸಾಲ ಈ ನಾಲ್ಕು ವಿಷಯಗಳನ್ನು ಪ್ರಬಂಧಗಳಿಂದ ಕೈಬಿಡಲಾಗಿದೆ. 2028ರ ಜುಲೈಗೆ ನ್ಯೂಯಾರ್ಕ್ ಹೊಸ ಮಾದರಿಯ ಪರೀಕ್ಷೆಗೇ ಹೋಗುತ್ತದೆ. ಹಳೆಯ ಸರಕನ್ನು ಹೊಸ ಚೀಲದಲ್ಲಿ ಮಾರುವವರು ಇದ್ದೇ ಇರುತ್ತಾರೆ.

ನನ್ನ ಚಂದಾ ಏಪ್ರಿಲ್‌ನಲ್ಲಿ ಮುಗಿಯಿತು. ಮುಂದಿನ ಪರೀಕ್ಷೆಗೆ ನವೀಕರಿಸಿ ಎಂದು ವಾರಕ್ಕೊಂದು ಪತ್ರ ಬರುತ್ತಲೇ ಇದೆ. ನನ್ನ ಹೆಸರು ಈಗಲೂ ತಪ್ಪಾಗಿಯೇ ಇದೆ.